ಗಮನಿಸಿದೆ

ನಮ್ಮ ಕಚೇರಿಯ ಗಂಡಸರ ಶೌಚಾಲಯ ಒಳಚಿಲಕವಿಲ್ಲದೆ ಒಂದು ವರ್ಷ ನಾಲ್ಕು ತಿಂಗಳು ನಡೆಯಿತು. ಅಷ್ಟೂ ಕಾಲ ಅಲ್ಲಿ ಒಂದೇ ಒಂದು ಅವಘಡವಾಗಲಿಲ್ಲ. ಅವಘಡಗಳು ಶುರುವಾದದ್ದು ಚಿಲಕ ಹಾಕಿಸಲು ಹೊರಟ ಮೇಲೆ.

ಚಿಲಕವಿಲ್ಲದೆ ಮಾನ ಉಳಿದದ್ದು ಹೇಗೆಂದರೆ, ಒಳಗೆ ಹೋದವರು ಸುಮ್ಮನಿರುತ್ತಿರಲಿಲ್ಲ. ಹಾಗೆಂದು ಯಾರೂ ಸುತ್ತೋಲೆ ಹೊರಡಿಸಿರಲಿಲ್ಲ, ಸಭೆ ಕರೆದಿರಲಿಲ್ಲ; ಚಿಲಕ ಕಿತ್ತುಬಂದ ಮೂರನೆಯ ದಿನಕ್ಕೆ ತಾನಾಗಿಯೇ ರೂಢಿಗೆ ಬಂತು. ಅಧೀಕ್ಷಕರು ಕೆಮ್ಮುತ್ತಿದ್ದರು. ಅದು ಕಾಯಿಲೆಯ ಕೆಮ್ಮಲ್ಲ, ಹುದ್ದೆಯ ಕೆಮ್ಮು. ಎರಡು ಸಣ್ಣದು, ಒಂದು ದೊಡ್ಡದು. ಲೆಕ್ಕಪತ್ರ ಶಾಖೆಯ ಹಿರಿಯರು ಮಗ್ಗಿ ಹೇಳುತ್ತಿದ್ದರು. ಹನ್ನೆರಡರ ಮಗ್ಗಿ ಕೇಳಿಸಿದರೆ ಅಲ್ಲೇ ನಿಂತು ಕಾಯಬಹುದು. ‘ಹದಿನೇಳೇಳಲ ನೂರ ಹತ್ತೊಂಬತ್ತು’ ಎಂದು ಕೇಳಿಸಿದರೆ ಹೋಗಿ ಕಾಫಿ ಕುಡಿದು ಬರಬಹುದು. ರವಾನೆ ಶಾಖೆಯ ಹುಡುಗ ಮೊಬೈಲಿನಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಹಾಕಿಕೊಳ್ಳುತ್ತಿದ್ದ, ಆದ್ದರಿಂದ ಕಾಯುವವರಿಗೆ ಸ್ಕೋರೂ ತಿಳಿಯುತ್ತಿತ್ತು. ನನ್ನದು ದೇವರನಾಮ. ನನ್ನ ಕಂಠದ ಬಗ್ಗೆ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಕಚೇರಿಯಲ್ಲಾದರೆ, ಶೌಚಾಲಯ ಹಿತ್ತಲಿನ ಅಂಗಳದ ಆಚೆ ಇದ್ದುದರಿಂದ, ಹತ್ತು ಹೆಜ್ಜೆ ದೂರದಲ್ಲೇ ನನ್ನ ದನಿ ಕೇಳಿ ಜನ ಗೌರವದಿಂದ ಹಿಂದಿರುಗುತ್ತಿದ್ದರು.

ಮಹಿಳೆಯರ ಶೌಚಾಲಯದ ಚಿಲಕವೂ ಒಮ್ಮೆ ಹಾಳಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಹಾಳಾಯಿತು. ಲೆಕ್ಕಪತ್ರ ಶಾಖೆಯ ಮೇಡಂ ಊಟದ ಬಿಡುವಿನಲ್ಲಿ ಬಸ್ ನಿಲ್ದಾಣದ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎಂಬತ್ತು ರೂಪಾಯಿಗೆ ಒಂದು ಚಿಲಕ ತಂದರು. ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಬಡಗಿಯನ್ನು ಕರೆದು, ನಲವತ್ತು ರೂಪಾಯಿ ಕೊಟ್ಟು, ಸ್ಕ್ರೂ ಹಾಕಿಸಿದರು. ನಾಲ್ವರಿಂದ ತಲಾ ಮೂವತ್ತು ವಸೂಲು ಮಾಡಿದರು. ಮೂರು ಗಂಟೆಗೆ ಪ್ರಕರಣ ಮುಗಿದಿತ್ತು. ನಾವು ಗಂಡಸರು ಇದನ್ನು ಕಂಡು ಒಳಗೊಳಗೇ ನಕ್ಕೆವು. ಸ್ವಂತ ದುಡ್ಡಿನ ಚಿಲಕ! ನಾಳೆ ಆಡಿಟ್‌ನವರು ಬಂದು, ದಾಸ್ತಾನು ಪುಸ್ತಕದಲ್ಲಿ ಇಲ್ಲದ ಚಿಲಕ ಬಾಗಿಲಿನ ಮೇಲೆ ಹೇಗೆ ಬಂತು ಎಂದು ಕೇಳಿದರೆ ಏನು ಉತ್ತರ? ನಮ್ಮ ಚಿಲಕಕ್ಕೆ ನಾವು ಕ್ರಮಬದ್ಧವಾಗಿ ಕಡತ ತೆರೆದೆವು.

ಕಡತ ತೆರೆದವನು ನಾನೇ. ‘ಕಚೇರಿಯ ಪುರುಷರ ಶೌಚಾಲಯದ ಬಾಗಿಲಿನ ಚಿಲಕವು ದುರಸ್ತಿಯಲ್ಲಿರುತ್ತದೆ’ ಎಂದು ಒಂದನೆಯ ಕಂಡಿಕೆ. ಚಿಲಕ ದುರಸ್ತಿಯಲ್ಲಿರಲಿಲ್ಲ, ಮೋರಿಯಲ್ಲಿತ್ತು. ಆದರೆ ಟಿಪ್ಪಣಿ ಹಾಳೆಯಲ್ಲಿ ವಸ್ತುಗಳು ದುರಸ್ತಿಯಲ್ಲಿಯೇ ಇರಬೇಕು. ಎರಡನೆಯ ಕಂಡಿಕೆಯಲ್ಲಿ ಒಂದನೆಯದನ್ನೇ ಸ್ವಲ್ಪ ಉದ್ದವಾಗಿ ಹೇಳಿದೆ. ಮೂರನೆಯದರಲ್ಲಿ ‘ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಸಹಿ ಹಾಕಿದೆ. ಆಗಿದ್ದ ಸಾಹೇಬರು ಅದರ ಮೇಲೆ ಹಸಿರು ಶಾಯಿಯಲ್ಲಿ ಒಂದೇ ಪದ ಬರೆದರು: ಚರ್ಚಿಸಿ.

ಆ ಪದದ ಶಕ್ತಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಅಧೀಕ್ಷಕರು ಚರ್ಚಿಸಲು ಹೋದರು. ಸಾಹೇಬರು ಪ್ರವಾಸದಲ್ಲಿದ್ದರು. ಮುಂದಿನ ವಾರ ಹೋದರು. ಸಾಹೇಬರಿಗೆ ಯಾವ ವಿಷಯ ಚರ್ಚಿಸಬೇಕೆಂದಿದ್ದೆ ಎನ್ನುವುದು ಮರೆತುಹೋಗಿತ್ತು. ಕಡತದಲ್ಲಿ ನೋಡಿದರೆ ‘ಚರ್ಚಿಸಿ’ ಎಂದಷ್ಟೇ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ಸಾಹೇಬರ ಮಗಳ ಮದುವೆಯ ಛತ್ರದ ಬಾಡಿಗೆಯನ್ನು ಚರ್ಚಿಸಿದರು. ಹೊರಬಂದ ಅಧೀಕ್ಷಕರು ‘ಸೂಚನೆಯಂತೆ ಚರ್ಚಿಸಲಾಗಿದೆ’ ಎಂದು ಬರೆದರು. ಅದರ ಕೆಳಗೆ ಸಾಹೇಬರು ‘ಚರ್ಚಿಸಿದಂತೆ ಕ್ರಮ ವಹಿಸಿ’ ಎಂದು ಬರೆದರು. ಕಡತ ನನ್ನ ಬಳಿ ವಾಪಸ್ಸು ಬಂದಾಗ ನಾನು ಯಾವ ಕ್ರಮ ವಹಿಸಬೇಕು? ಛತ್ರ ಕಾಯ್ದಿರಿಸುವುದೇ?

ಚಿಕ್ಕದೇವರಾಜ ಒಡೆಯರು ಮೈಸೂರಿನ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ, ಅಂದರೆ ಇಲಾಖೆಗಳಾಗಿ, ಹಂಚಿದ್ದರು. ಆ ಹದಿನೆಂಟರ ನೆನಪು ಬೆಂಗಳೂರಿನ ಅಠಾರ ಕಚೇರಿಯ ಹೆಸರಿನಲ್ಲಿ ಉಳಿಯಿತು; ಅಠಾರ ಎಂದರೆ ಹದಿನೆಂಟು. 1868ರಲ್ಲಿ ಸಿದ್ಧವಾದ ಆ ಕೆಂಪು ಕಟ್ಟಡದಲ್ಲಿ ಈಗ ಹೈಕೋರ್ಟ್ ಇದೆ. ನಮ್ಮ ಕಚೇರಿಯಲ್ಲಿ ಇರುವುದು ಐದೇ ಶಾಖೆ, ಅವೂ ಒಂದೇ ಹಜಾರದಲ್ಲಿ, ಬೀರುಗಳನ್ನು ಅಡ್ಡ ಇಟ್ಟು ಮಾಡಿಕೊಂಡದ್ದು. ಆದರೂ ಚಿಲಕದ ಕಡತ ಹದಿನೆಂಟು ಸಲ ಮೇಜು ಬದಲಿಸಿತು. ಚಲನವಲನ ಪುಸ್ತಕದಲ್ಲಿ ನಾನೇ ಎಣಿಸಿದ್ದೇನೆ.

ಇಷ್ಟಕ್ಕೆಲ್ಲ ಕಾಗದವನ್ನು ಬೈದು ಪ್ರಯೋಜನವಿಲ್ಲ. ನಮ್ಮ ಬಾಯಿಮಾತಾದರೂ ಏನು ಮಹಾ? ‘ಆಯಿತು’ ಎಂಬ ಮಾತನ್ನೇ ತೆಗೆದುಕೊಳ್ಳಿ. ವ್ಯಾಕರಣದಲ್ಲಿ ಅದು ಭೂತಕಾಲ. ಕಚೇರಿಯಲ್ಲಿ ಅದು ಭವಿಷ್ಯತ್ಕಾಲ, ಅದೂ ಬಹಳ ದೂರದ್ದು. ‘ಈ ಪತ್ರ ಇವತ್ತೇ ಹೋಗಬೇಕಪ್ಪ’ ಎಂದು ರವಾನೆ ಶಾಖೆಯ ಹುಡುಗನಿಗೆ ಹೇಳಿದರೆ ‘ಆಯಿತು ಸಾರ್’ ಎನ್ನುತ್ತಾನೆ. ಸಂಜೆ ‘ಪತ್ರ ಆಯಿತೇ?’ ಎಂದರೂ ‘ಆಯಿತು ಸಾರ್’ ಎನ್ನುತ್ತಾನೆ. ಬೆಳಗಿನ ಆಯಿತು ಎಂದರೆ ಕಿವಿಗೆ ಬಿತ್ತು ಎಂದರ್ಥ; ಸಂಜೆಯ ಆಯಿತು ಎಂದರೆ ಇನ್ನೊಮ್ಮೆ ಕೇಳಬೇಡಿ ಎಂದರ್ಥ. ನಿಜವಾಗಿಯೂ ಹೋಗಿದ್ದರೆ ‘ಕಳುಹಿಸಿದೆ ಸಾರ್’ ಎನ್ನುತ್ತಿದ್ದ. ‘ಮಾಡೋಣ’ ಎಂಬುದು ಇನ್ನೂ ಅಪಾಯದ್ದು. ಹೇಳಿದವನನ್ನೂ ಕೇಳಿದವನನ್ನೂ ಒಂದೇ ಕ್ರಿಯಾಪದ ತಬ್ಬಿಕೊಳ್ಳುತ್ತದೆ, ಇಬ್ಬರ ಕೈಯೂ ಕಟ್ಟಿಹೋಗುತ್ತದೆ. ಚಿಲಕದ ವಿಷಯದಲ್ಲಿ ಮೊದಲ ಮೂರು ತಿಂಗಳು ಎಲ್ಲರೂ ಎಲ್ಲರಿಗೂ ‘ಹಾಕಿಸೋಣ, ಹಾಕಿಸೋಣ’ ಎಂದದ್ದೇ ಆಯಿತು.

ಅಷ್ಟರಲ್ಲಿ ಹಳೆಯ ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದರು. ವಯಸ್ಸು ಕಡಿಮೆ, ಉತ್ಸಾಹ ಜಾಸ್ತಿ. ಬಂದ ತಿಂಗಳಲ್ಲೇ ಬೆಂಗಳೂರಿಗೆ ಎರಡು ದಿನದ ತರಬೇತಿಗೆ ಹೋಗಿಬಂದರು. ಮೇಲಧಿಕಾರಿ ತರಬೇತಿಗೆ ಹೋಗುವುದೂ ಪಕ್ಕದ ಮನೆಯ ಹುಡುಗ ಪಿಟೀಲು ಪಾಠಕ್ಕೆ ಸೇರುವುದೂ ಒಂದೇ. ಕಲಿಯುವವರು ಅವರು, ಅನುಭವಿಸುವವರು ನಾವು. ಸೋಮವಾರ ಬೆಳಿಗ್ಗೆ ಸಭೆ ಕರೆದು, ‘ನಮ್ಮಲ್ಲಿ ಕೆಲಸದ ಕೊರತೆಯಿಲ್ಲ, ಸಂವಹನದ ಕೊರತೆಯಿದೆ’ ಎಂದರು. ನಾನು ಆ ಸಭೆಗೆ ಏಳು ನಿಮಿಷ ತಡವಾಗಿ ಹೋದೆ. ಹೋಗುವಷ್ಟರಲ್ಲಿ ‘ಸಂವಹನ ಸುಧಾರಣಾ ಸಮಿತಿ’ ರಚನೆಯಾಗಿ, ಹಾಜರಿದ್ದವರೆಲ್ಲ ಸರ್ವಾನುಮತದಿಂದ ಹಾಜರಿಲ್ಲದ ನನ್ನನ್ನು ಸಂಚಾಲಕನನ್ನಾಗಿ ಆರಿಸಿದ್ದರು. ಇದು ಸಮಿತಿಯ ಹುಟ್ಟಿನಲ್ಲೇ ಆದ ಸಂವಹನದ ಕೊರತೆ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ತರಬೇತಿಯಿಂದ ಸಾಹೇಬರು ತಂದ ಮೊದಲ ಅಸ್ತ್ರ ‘ಐದು ಏಕೆ’. ಜಪಾನಿನ ಟೊಯೊಟಾ ಕಾರು ಕಾರ್ಖಾನೆಯ ಪದ್ಧತಿ. ಅಲ್ಲಿನ ತೈಇಚಿ ಓನೊ ಎಂಬ ಎಂಜಿನಿಯರ್ ಕೊಟ್ಟ ಉದಾಹರಣೆಯನ್ನು ಸಾಹೇಬರು ಹಲಗೆಯ ಮೇಲೆ ಬರೆದರು. ಯಂತ್ರ ನಿಂತಿತು. ಏಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಏಕೆ? ಪಂಪಿನ ದಂಡ ಸವೆದಿತ್ತು. ಏಕೆ? ಜಾಲರಿ ಇಲ್ಲದೆ ಲೋಹದ ಚೂರುಗಳು ಒಳಗೆ ಹೋಗಿದ್ದವು. ಆದ್ದರಿಂದ ಫ್ಯೂಸ್ ಬದಲಿಸಿ ಸುಮ್ಮನಾಗಬಾರದು, ಜಾಲರಿ ಹಾಕಬೇಕು. ಎಷ್ಟು ಚೆನ್ನಾಗಿದೆ ನೋಡಿ. ನಿಜಕ್ಕೂ ಚೆನ್ನಾಗಿದೆ. ಅದೇ ಕಂಪನಿಯ ಕಾರುಗಳು ನಮ್ಮ ಬಿಡದಿಯಲ್ಲೂ ತಯಾರಾಗುತ್ತವೆ ಎಂದು ಸಾಹೇಬರು ಹೇಳಿದಾಗ ಅಧೀಕ್ಷಕರು ತಲೆದೂಗಿದರು. ಅವರ ಮನಸ್ಸು ಬಿಡದಿಯ ತಟ್ಟೆ ಇಡ್ಲಿಯ ಹತ್ತಿರ ಇತ್ತೆಂದು ಆಮೇಲೆ ಒಪ್ಪಿಕೊಂಡರು.

‘ಈಗ ನಮ್ಮದೇ ಒಂದು ಸಮಸ್ಯೆ ತೆಗೆದುಕೊಳ್ಳೋಣ’ ಎಂದರು ಸಾಹೇಬರು. ಹದಿನಾಲ್ಕು ಬಾಯಿಯಿಂದ ಒಟ್ಟಿಗೆ ‘ಚಿಲಕ’ ಎಂದು ಬಂತು. ಚಿಲಕ ಏಕೆ ಕಿತ್ತುಬಂತು? ಸ್ಕ್ರೂ ನಿಲ್ಲಲಿಲ್ಲ. ಸ್ಕ್ರೂ ಏಕೆ ನಿಲ್ಲಲಿಲ್ಲ? ಬಾಗಿಲಿನ ಮರ ಒಳಬದಿಯಲ್ಲಿ ಕುಂಬಾಗಿತ್ತು. ಏಕೆ? ಮಳೆಯ ನೀರು ಸೋರುತ್ತಿತ್ತು. ಏಕೆ? ಹೆಂಚು ಒಡೆದಿತ್ತು. ಹೆಂಚು ಏಕೆ ಒಡೆಯಿತು? ಕೋತಿ.

ಹಜಾರದಲ್ಲಿ ಮೌನ. ಐದು ‘ಏಕೆ’ಗಳು ಮುಗಿದು ಮೂಲಕಾರಣ ಕೈಗೆ ಸಿಕ್ಕಿತ್ತು. ಸಾಹೇಬರು ಹಲಗೆಯ ಮೇಲೆ ‘ಕೋತಿ’ ಎಂದು ಬರೆದು ಸುತ್ತಲೂ ವೃತ್ತ ಎಳೆದರು. ಕೋತಿ ಏಕೆ ಬರುತ್ತದೆ ಎಂಬ ಆರನೆಯ ಪ್ರಶ್ನೆಗೆ ಎಲ್ಲರಿಗೂ ಉತ್ತರ ಗೊತ್ತಿತ್ತು. ನಮ್ಮ ಕಾವಲುಗಾರ ಪ್ರತಿ ಶನಿವಾರ ಹರಕೆಯ ಬಾಳೆಹಣ್ಣು ಹಾಕುತ್ತಿದ್ದ. ಆದರೆ ಪದ್ಧತಿಯಲ್ಲಿ ಐದೇ ‘ಏಕೆ’ ಇದ್ದುದರಿಂದ ಯಾರೂ ಬಾಯಿ ಬಿಡಲಿಲ್ಲ. ನಡವಳಿಯಲ್ಲಿ ‘ಕೋತಿಯ ಹಾವಳಿ ತಡೆಯಲು ಪ್ರತ್ಯೇಕ ಕಡತ ತೆರೆಯುವುದು’ ಎಂದು ದಾಖಲಾಯಿತು. ತೆರೆಯಬೇಕಾದವನು ಸಂಚಾಲಕ.

ಎರಡನೆಯ ಅಸ್ತ್ರ ವಾಟ್ಸಾಪ್ ಗುಂಪು. ಕಚೇರಿಗೆ ಮೊದಲೇ ಒಂದು ಗುಂಪಿತ್ತು. ಅದರಲ್ಲಿ ಗುಲಾಬಿ ಹೂವಿನ ಮೇಲೆ ಶುಭೋದಯ, ಚಂದ್ರನ ಮೇಲೆ ಶುಭರಾತ್ರಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಈಗ ಹೊಸದು, ಕೆಲಸಕ್ಕೆ ಮಾತ್ರ. ಸಾಹೇಬರಿಗೆ ತಮ್ಮ ಸಂದೇಶವನ್ನು ಎಲ್ಲರೂ ಓದಿದರೋ ಇಲ್ಲವೋ ಎಂಬ ಚಿಂತೆ. ಓದಿದ್ದಕ್ಕೆ ಸಾಕ್ಷಿಯಾಗಿ ನೀಲಿ ಗುರುತು 2014ರಲ್ಲೇ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಆದರೆ ಗುಂಪಿನಲ್ಲಿ ಕೊನೆಯ ಸದಸ್ಯನೂ ಓದುವ ತನಕ ಗುರುತು ನೀಲಿಯಾಗುವುದಿಲ್ಲ. ಹಳೆಯ ಗುಂಪಿನಿಂದ ಹೆಸರುಗಳನ್ನು ಸಾರಾಸಗಟಾಗಿ ಎತ್ತಿ ಸೇರಿಸುವಾಗ, ಹಿಂದಿನ ವರ್ಷ ನಿವೃತ್ತರಾದ ನಮ್ಮ ಹಿರಿಯ ಬೆರಳಚ್ಚುಗಾರರೂ ಸೇರಿಹೋಗಿದ್ದರು. ತೆಗೆದುಹಾಕಲು ಎಲ್ಲರಿಗೂ ಸಂಕೋಚ. ಅವರು ದಿನಕ್ಕೊಮ್ಮೆ, ರಾತ್ರಿ ಊಟವಾದ ಮೇಲೆ ಒಂಬತ್ತಕ್ಕೆ ಮೊಬೈಲ್ ತೆರೆಯುವವರು. ಹೀಗಾಗಿ ಸಾಹೇಬರ ತುರ್ತು ಸಂದೇಶಗಳೆಲ್ಲ ರಾತ್ರಿ ಒಂಬತ್ತರವರೆಗೆ ಬೂದುಬಣ್ಣದಲ್ಲೇ ಕೊಳೆಯುತ್ತಿದ್ದವು.

ಆದ್ದರಿಂದ ನಿಯಮ ಬಂತು: ಯಾವುದೇ ಸಂದೇಶ ನೋಡಿದ ಹತ್ತು ನಿಮಿಷದೊಳಗೆ ಪ್ರತಿಯೊಬ್ಬರೂ ‘ಗಮನಿಸಿದೆ’ ಎಂದು ಉತ್ತರಿಸತಕ್ಕದ್ದು. ತಪ್ಪಿದವರ ಹೆಸರನ್ನು ಸಂಚಾಲಕ ಪಟ್ಟಿ ಮಾಡತಕ್ಕದ್ದು.

ಪರಿಣಾಮ ಅದ್ಭುತವಾಗಿತ್ತು. ಒಂದು ವಾರದಲ್ಲಿ ಕಚೇರಿಯ ಎಲ್ಲರ ಹೆಬ್ಬೆರಳೂ ಆ ಪದಕ್ಕೆ ಪಳಗಿತು. ‘ಗ’ ಒತ್ತಿದರೆ ಮೊಬೈಲೇ ಮುಂದಿನದನ್ನು ಬರೆದುಕೊಡುತ್ತಿತ್ತು. ಒಂದು ಬುಧವಾರ ಮನೆಯಿಂದ ಬಂದ ಪಟ್ಟಿಗೆ ಉತ್ತರಿಸುವ ಗಡಿಬಿಡಿಯಲ್ಲಿ ನಾನು ‘ಎಳೆ ಬದನೆಕಾಯಿ ಅರ್ಧ ಕೆಜಿ, ಕೊತ್ತಂಬರಿ ಒಂದು ಕಟ್ಟು, ಇನ್ನೇನು?’ ಎಂದು ಕಚೇರಿಯ ಗುಂಪಿಗೆ ಹಾಕಿಬಿಟ್ಟೆ. ಆರು ನಿಮಿಷದಲ್ಲಿ ಹನ್ನೆರಡು ‘ಗಮನಿಸಿದೆ’ ಬಂದವು. ಹನ್ನೆರಡರಲ್ಲಿ ಒಬ್ಬರಾದರೂ ಬದನೆಕಾಯಿಯನ್ನು ಗಮನಿಸಿರಲಿಲ್ಲ. ಸಾಹೇಬರದೂ ಇತ್ತು.

ಅದೇ ಗಳಿಗೆಯಲ್ಲಿ, ರವಾನೆ ಶಾಖೆಯ ಹುಡುಗನಿಗೆ ಹೋಗಬೇಕಾಗಿದ್ದ ‘ಎರಡು ನೆನಪೋಲೆ ಕೊಟ್ಟರೂ ಉತ್ತರ ಬಂದಿಲ್ಲ. ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು’ ಎಂಬುದು ನನ್ನ ಹೆಂಡತಿಗೆ ಹೋಯಿತು. ಅವಳು ‘ಗಮನಿಸಿದೆ’ ಎಂದು ಬರೆಯಲಿಲ್ಲ. ‘ಮನೆಗೆ ಬನ್ನಿ, ಬಾಯಿಮಾತಿನಲ್ಲೇ ಕೊಡುತ್ತೇನೆ’ ಎಂದು ಬರೆದಳು. ಸಂವಹನ ಎಂದರೆ ಅದು. ಯಾರು, ಎಲ್ಲಿ, ಯಾವಾಗ, ಏನು, ಎಲ್ಲವೂ ಒಂದೇ ಸಾಲಿನಲ್ಲಿ.

ಚಿಲಕದ ಕಡತ ಈ ನಡುವೆ ಹೊಸ ಸಾಹೇಬರ ವೇಗಕ್ಕೆ ಸಿಕ್ಕಿ ಮುಂದಕ್ಕೆ ಜರುಗಿತ್ತು. ಸಣ್ಣಪುಟ್ಟ ದುರಸ್ತಿಯ ಬಾಬ್ತಿನಲ್ಲಿ ಹಣ ಮುಗಿದಿದ್ದುದರಿಂದ ಮುಖ್ಯ ಕಚೇರಿಯ ಮಂಜೂರಾತಿ ಬೇಕಾಗಿತ್ತು. ಟಪಾಲಿನಲ್ಲಿ ಬೇಡ, ಇ-ಮೇಲ್ ಮಾಡಿ ಎಂದರು ಸಾಹೇಬರು. ಮಾಡಿದೆ. ವಿಳಾಸದ ಕೆಳಗೆ ಪ್ರತಿ ಯಾರಿಗೆಲ್ಲ ಎಂದು ಒಂಬತ್ತು ಜನರನ್ನು ಸೇರಿಸಿದೆ. ಬೆರಳಚ್ಚು ಯಂತ್ರದ ಕಾಲದಲ್ಲಿ ಈ ಪ್ರತಿಗಳ ಸಂಖ್ಯೆಗೊಂದು ಮಿತಿಯಿತ್ತು. ಕಾರ್ಬನ್ ಹಾಳೆ ಇಟ್ಟು ಎಷ್ಟೇ ಜೋರಾಗಿ ಕುಟ್ಟಿದರೂ ಐದನೆಯ ಪ್ರತಿ ಮಂಜಿನಲ್ಲಿ ಕಂಡ ಊರಿನಂತಿರುತ್ತಿತ್ತು. ಐದನೆಯವರು ಏನೂ ಓದಲಾಗದೆ ಕಡತಕ್ಕೆ ಸೇರಿಸಿ ನೆಮ್ಮದಿಯಾಗಿರುತ್ತಿದ್ದರು. ಈಗ ಕಾರ್ಬನ್ ಇಲ್ಲ, ಇ-ಮೇಲಿನ ‘ಸಿಸಿ’ಯಲ್ಲಿ, ಅಂದರೆ ‘ಕಾರ್ಬನ್ ಕಾಪಿ’ಯಲ್ಲಿ, ಅದರ ಹೆಸರು ಮಾತ್ರ ಉಳಿದಿದೆ, ಒಂಬತ್ತೂ ಪ್ರತಿ ಸ್ವಚ್ಛವಾಗಿ ತಲುಪುತ್ತವೆ. ಒಂಬತ್ತು ಜನರೂ ಉಳಿದ ಎಂಟು ಜನ ನೋಡಿಕೊಳ್ಳುತ್ತಾರೆಂದು ನೆಮ್ಮದಿಯಾಗಿರುತ್ತಾರೆ.

ಆದರೆ ನನ್ನ ಪತ್ರ ಸ್ವಚ್ಛವಾಗಿ ತಲುಪಲಿಲ್ಲ. ನಾನು ಪತ್ರವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬರೆದು ನೇರವಾಗಿ ಇ-ಮೇಲಿಗೆ ಅಂಟಿಸಿದ್ದೆ. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್ ಬಂದು ಎಷ್ಟೋ ವರ್ಷವಾಗಿದೆ, ನುಡಿಯಲ್ಲೂ ಅದಿದೆ. ತಪ್ಪು ನನ್ನ ಕೈಯ ರೂಢಿಯದು. ಆ ಹಳೆಯ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದೊಡನೆ ಬಾಡಿಗೆದಾರರು ಮಾಯವಾಗಿ ಮನೆ ಮಾಲೀಕರು ಹೊರಗೆ ಬರುತ್ತಾರೆ. ‘ಕ’ ಇದ್ದಲ್ಲಿ ದೊಡ್ಡ ಪಿ ಮತ್ತು ತಲೆಯ ಮೇಲೆ ಗೀಟಿರುವ ದೊಡ್ಡ ಎ; ‘ನ’ ಇದ್ದಲ್ಲಿ ಬ್ರಿಟಿಷರ ಪೌಂಡಿನ ಗುರುತು. ನನ್ನ ‘ಚಿಲಕ’ ಮುಖ್ಯ ಕಚೇರಿಯಲ್ಲಿ ಹೀಗೆ ಕಂಡಿತ್ತು: ಒಂದು ಸಣ್ಣ ಎ, ವೃತ್ತದೊಳಗೊಂದು ಆರ್, ಆಮೇಲೆ ಪಿ, ಆಮೇಲೆ ಗ್ರಹಚಾರ ಕೆಟ್ಟ ಆ ಗೀಟಿನ ಎ. ವೃತ್ತದೊಳಗಿನ ಆರ್ ಎಂದರೆ ನೋಂದಾಯಿತ ವ್ಯಾಪಾರ ಚಿಹ್ನೆ. ಹದಿನೈದು ದಿನದ ಮೇಲೆ ಉತ್ತರ ಬಂತು: ‘ನಿರ್ದಿಷ್ಟ ಕಂಪನಿಯ ಉತ್ಪನ್ನವನ್ನು ನೇರವಾಗಿ ಖರೀದಿಸಲು ಪ್ರಸ್ತಾವನೆ ಸಲ್ಲಿಸಿರುವುದು ಸರಿಯಷ್ಟೆ? ಮೂರು ದರಪಟ್ಟಿಗಳೊಂದಿಗೆ ಮರುಸಲ್ಲಿಸುವುದು. ಮೊತ್ತವನ್ನು ಪೌಂಡ್‌ಗಳಲ್ಲಿ ನಮೂದಿಸಿರುವುದಕ್ಕೆ ಕಾರಣ ನೀಡುವುದು.’

ಕಾರಣ ನೀಡಿದೆ. ದರಪಟ್ಟಿಯನ್ನೂ ತಂದೆ. ಮೂರೂ ಅಂಗಡಿಯವರು ‘ಒಂದೇ ಒಂದು ಚಿಲಕಕ್ಕಾ ಸ್ವಾಮಿ?’ ಎಂದು ಕೇಳಿದರು, ಒಬ್ಬರು ಬೇಸರಗೊಂಡು ಪುಕ್ಕಟೆ ಕೊಡಲು ಬಂದರು. ಪುಕ್ಕಟೆಯ ದರಪಟ್ಟಿ ಸ್ವೀಕಾರಾರ್ಹವಲ್ಲವಾದ್ದರಿಂದ ನಿರಾಕರಿಸಿದೆ. ಕೊನೆಗೆ ಕಾರ್ಯಾದೇಶ ಹೊರಟಿತು: ‘ಶೌಚಾಲಯದ ಬಾಗಿಲಿಗೆ ಒಂದು ಚಿಲಕ ಅಳವಡಿಸತಕ್ಕದ್ದು.’ ಬರೆದವನು ನಾನು. ಒಳಗೋ ಹೊರಗೋ ಎಂದು ಬರೆದಿರಲಿಲ್ಲ. ಒಂದು ವರ್ಷ ನಾಲ್ಕು ತಿಂಗಳು ಇಡೀ ಕಚೇರಿ ಒಂದೇ ವಸ್ತುವಿಗಾಗಿ ಹಾಡಿ, ಕೆಮ್ಮಿ, ಮಗ್ಗಿ ಹೇಳಿದ ಮೇಲೆ ‘ಒಳಗೆ’ ಎಂದು ಬೇರೆ ಹೇಳಬೇಕೆಂದು ಯಾರಿಗೆ ಹೊಳೆದೀತು?

ಬಡಗಿ ಬಂದದ್ದು ಎರಡನೆಯ ಶನಿವಾರ. ಕಚೇರಿಗೆ ರಜೆ, ಇದ್ದವನು ಕಾವಲುಗಾರ ಒಬ್ಬನೇ, ಅವನೂ ಬಾಳೆಹಣ್ಣಿನ ಕೆಲಸದಲ್ಲಿದ್ದ. ಬಡಗಿ ಬಾಗಿಲು ನೋಡಿದ. ಒಳಬದಿಯ ಮರ ಕುಂಬಾಗಿದೆ, ಸ್ಕ್ರೂ ಕಚ್ಚುವುದಿಲ್ಲ. ಹೊರಬದಿ ಗಟ್ಟಿಯಾಗಿದೆ. ಕಸುಬು ಗೊತ್ತಿದ್ದವನು, ಗಟ್ಟಿಯಾದ ಕಡೆಗೆ ಹಾಕಿದ. ಇಡೀ ಪ್ರಕರಣದಲ್ಲಿ ಮುಂದಿದ್ದ ವಸ್ತುವನ್ನು ಕಣ್ಣಿಟ್ಟು ನೋಡಿದವನು ಅವನೊಬ್ಬನೇ ಎಂದು ನನಗೆ ಈಗಲೂ ಅನಿಸುತ್ತದೆ. ಕಾವಲುಗಾರನಿಗೆ ನಾನು ಫೋನ್ ಮಾಡಿ ‘ಚಿಲಕ ಆಯಿತೇ?’ ಎಂದೆ. ‘ಆಯಿತು ಸಾರ್’ ಎಂದ. ಜೀವಮಾನದಲ್ಲಿ ಮೊದಲ ಸಲ ಆ ಪದವನ್ನು ಅವನು ಭೂತಕಾಲದಲ್ಲಿ ಬಳಸಿದ್ದ.

ಸೋಮವಾರ ಎಲ್ಲರೂ ಅಂಗಳಕ್ಕೆ ಹೋಗಿ ಹೊರಗಿನ ಚಿಲಕವನ್ನು ನೋಡಿದೆವು. ಹಿತ್ತಾಳೆಯದು, ಥಳಥಳ ಹೊಳೆಯುತ್ತಿತ್ತು. ಬಿಲ್ಲಿನಲ್ಲಿ ‘ಚಿಲಕ ಒಂದು’ ಎಂದಿತ್ತು, ಬಾಗಿಲಿನ ಮೇಲೆ ಚಿಲಕ ಒಂದು ಇತ್ತು, ತಾಳೆಯಾಗುತ್ತಿತ್ತು. ತೆಗೆಸಿದರೆ ಹೊಸ ಕಡತ. ಸಾಹೇಬರು ಸ್ವಲ್ಪ ಯೋಚಿಸಿ, ಹಲಗೆಯ ಮೇಲಿನ ಕೋತಿಯನ್ನು ನೆನಪಿಸಿಕೊಂಡರು. ಮಧ್ಯಾಹ್ನ ಗುಂಪಿನಲ್ಲಿ ಸೂಚನೆ ಬಂತು: ‘ಕೋತಿಗಳು ಒಳನುಗ್ಗದಂತೆ ತಡೆಯಲು, ಶೌಚಾಲಯದ ಹೊರಚಿಲಕ ತೆರೆದಿರುವುದನ್ನು ಕಂಡವರು ತಕ್ಷಣ ಹಾಕತಕ್ಕದ್ದು.’ ಹತ್ತು ನಿಮಿಷದೊಳಗೆ ಹನ್ನೆರಡು ‘ಗಮನಿಸಿದೆ’.

ಹದಿಮೂರನೆಯದು ನನ್ನದು. ತಡವಾದದ್ದಕ್ಕೆ ಕಾರಣ, ಆ ಸೂಚನೆ ಬಂದಾಗ ನಾನು ಅಲ್ಲೇ ಒಳಗಿದ್ದೆ. ಹಾಡುವುದನ್ನು ನಿಲ್ಲಿಸಿ ಓದುತ್ತಿದ್ದೆ. ಓದಿ ಮುಗಿಸಿ ‘ಗಮನಿಸಿದೆ’ ಎಂದು ಒತ್ತುವುದಕ್ಕೂ ಹೊರಗಿನಿಂದ ‘ಟಕ್’ ಎಂದು ಸದ್ದಾಗುವುದಕ್ಕೂ ಸರಿಹೋಯಿತು. ಯಾರೋ ಶಿಸ್ತಿನ ಮನುಷ್ಯ ಸೂಚನೆಯನ್ನು ತಕ್ಷಣ ಪಾಲಿಸಿ ಹೋಗಿದ್ದ.

ಮೊದಲು ಗಾಬರಿಯಾಗಲಿಲ್ಲ. ಕೈಯಲ್ಲಿ ಮೊಬೈಲಿದೆ, ಸಮಿತಿಯ ಸಂಚಾಲಕ ನಾನೇ ಇದ್ದೇನೆ, ಗುಂಪಿದೆ. ಬರೆದೆ: ‘ನಾನು ಶೌಚಾಲಯದ ಒಳಗಿದ್ದೇನೆ. ಹೊರಗಿನಿಂದ ಚಿಲಕ ಬಿದ್ದಿದೆ.’

ಗಮನಿಸಿದೆ. ಗಮನಿಸಿದೆ. ಗಮನಿಸಿದೆ. ಒಂದರ ಹಿಂದೊಂದು ಬಂದವು, ಮದುವೆಮನೆಯಲ್ಲಿ ಅಕ್ಷತೆ ಬಿದ್ದಂತೆ. ಅಧೀಕ್ಷಕರು ‘ಗಮನಿಸಿದೆ. ಸಂಬಂಧಪಟ್ಟವರು ಕ್ರಮ ವಹಿಸುವುದು’ ಎಂದು ಒಂದು ಸಾಲು ಹೆಚ್ಚಿಗೆ ಬರೆದಿದ್ದರು. ಲೆಕ್ಕಪತ್ರ ಶಾಖೆಯ ಹಿರಿಯರು ಚಿಲಕದ ಬಿಲ್ ಇನ್ನೂ ಪಾಸಾಗಿಲ್ಲವೆಂದು ನೆನಪಿಸಿದ್ದರು. ಆ ದಿನ ರಜೆಯಲ್ಲಿದ್ದ ಮೇಡಂ ಮಾತ್ರ ‘ಯಾರಾದರೂ ಹೋಗಿ ತೆಗೆಯಿರಿ’ ಎಂದು ಬರೆದರು. ಅದಕ್ಕೂ ಒಂಬತ್ತು ‘ಗಮನಿಸಿದೆ’ ಬಂದವು. ಯಾರಾದರೂ ಎಂಬ ಹೆಸರಿನ ನೌಕರ ನಮ್ಮ ಕಚೇರಿಯಲ್ಲಿ ಇಲ್ಲ.

ಅಧೀಕ್ಷಕರಿಗೆ ಫೋನ್ ಮಾಡಿದೆ. ‘ಸಭೆಯಲ್ಲಿದ್ದೇನೆ’ ಎಂದು ತಾನಾಗಿಯೇ ಒಂದು ಸಂದೇಶ ಬಂತು. ಕಾವಲುಗಾರನಿಗೆ ಮಾಡಿದೆ. ದೂರದ ಹಜಾರದಲ್ಲಿ ಅವನ ಮೊಬೈಲ್ ಹಾಡುವುದು ಸಣ್ಣಗೆ ಕೇಳಿಸಿತು. ನನ್ನ ಮೇಜಿನ ಮೇಲೆ ಚಾರ್ಜಿಗೆ ಇಟ್ಟುಹೋಗಿದ್ದ, ನನ್ನ ಅನುಮತಿ ಪಡೆದೇ.

ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಯಾರೋ ಬರುತ್ತಿದ್ದಾರೆ! ಇಪ್ಪತ್ತೆಂಟು ವರ್ಷ ಸೇವೆ ಮಾಡಿದವನು ಶೌಚಾಲಯದೊಳಗಿನಿಂದ ‘ಕಾಪಾಡಿ’ ಎಂದು ಕೂಗುವುದು ಹೇಗೆ? ಗಂಟಲು ಸರಿಮಾಡಿಕೊಂಡು, ಘನತೆಗೆ ಕುಂದಾಗದ ದನಿಯಲ್ಲಿ ‘ಬಾಗಿಲು ತೆರೆಯಿರಿ’ ಎಂದು ಎರಡು ಮೂರು ಸಲ ಹೇಳಿದೆ. ಹೆಜ್ಜೆ ನಿಂತಿತು. ಹಿಂದಿರುಗಿತು. ಮರುದಿನ ರವಾನೆ ಶಾಖೆಯ ಹುಡುಗ ನನ್ನ ಮೇಜಿನ ಬಳಿ ಬಂದು, ‘ನಿನ್ನೆ ಆ ದೇವರನಾಮ ಬಹಳ ಚೆನ್ನಾಗಿತ್ತು ಸಾರ್, ಬಾಗಿಲು ತೆರೆ ಎಂದು ಬರುತ್ತದಲ್ಲ’ ಎಂದ. ಹದಿನಾರು ತಿಂಗಳ ನನ್ನ ಸಾಧನೆ ನನಗೇ ಮುಳುವಾಗಿತ್ತು. ನಾನು ಸದ್ದು ಮಾಡಿದಷ್ಟೂ ಜನ ‘ಒಳಗೆ ಇದ್ದಾರೆ’ ಎಂದು ಮರ್ಯಾದೆಯಿಂದ ದೂರ ಹೋಗುತ್ತಿದ್ದರು. ಬಾಗಿಲು ಬಡಿದೆ, ಹೊರಗಿನಿಂದ ಯಾರೋ ‘ಕ್ಷಮಿಸಿ, ಅವಸರವಿಲ್ಲ’ ಎಂದರು. ಉಡುಪಿಯಲ್ಲಿ ಭಕ್ತನ ಹಾಡಿಗೆ ಗೋಡೆಯೇ ಬಿರಿದು ಕಿಂಡಿಯಾಯಿತಂತೆ. ನಮ್ಮ ಗೋಡೆಗೆ ಅಷ್ಟು ಭಕ್ತಿಯಿರಲಿಲ್ಲ.

ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಗಂಟಲು ಒಣಗಿ ಸುಮ್ಮನಾದೆ. ಮೇಲೆ ಒಡೆದ ಹೆಂಚಿನ ಸಂದಿಯಿಂದ ಒಂದು ಕೋತಿ ಇಣುಕಿತು. ಸ್ವಲ್ಪ ಹೊತ್ತು ನನ್ನನ್ನೇ ಗಮನಿಸಿತು. ಅದೂ ಹೋಯಿತು.

ನಾನು ಸುಮ್ಮನಾದ ಐದು ನಿಮಿಷಕ್ಕೆ ಚಿಲಕ ‘ಟಕ್’ ಎಂದು ಸರಿದು ಬಾಗಿಲು ತೆರೆಯಿತು. ಎದುರಿಗೆ ಸಾಹೇಬರು. ಅವರ ಕೊಠಡಿಯ ನಲ್ಲಿಯಲ್ಲಿ ಅಂದು ನೀರು ಬಂದಿರಲಿಲ್ಲ. ಹೊರಗೆ ನಿಂತು ಕಿವಿಗೊಟ್ಟಿದ್ದಾರೆ. ಕೆಮ್ಮಿಲ್ಲ, ಮಗ್ಗಿಯಿಲ್ಲ, ಹಾಡಿಲ್ಲ. ಖಾಲಿ ಇದೆಯೆಂದು ತೆರೆದಿದ್ದಾರೆ. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

‘ಒಳಗಿದ್ದೀರೆಂದು ಒಂದು ಮಾತು ತಿಳಿಸಬಾರದಿತ್ತೇ?’ ಎಂದರು.

ನಾನು ಮೊಬೈಲ್ ಅವರ ಮುಂದೆ ಹಿಡಿದೆ. ಅವರು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಓದಿದರು. ಒಂದು ಕಡೆ ಬೆರಳು ನಿಂತಿತು. ‘ಹೌದಲ್ಲ. ನಾನೂ ಗಮನಿಸಿದ್ದೇನೆ’ ಎಂದರು. ಆಮೇಲೆ ಚಿಲಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ದನಿ ತಗ್ಗಿಸಿ, ‘ನೀವು ಇಲ್ಲೇ ಇದರ ಮೇಲೆ ಕೈಯಿಟ್ಟು ನಿಂತಿರಿ, ಎಲ್ಲೂ ಹೋಗಬೇಡಿ’ ಎಂದು ಒಳಗೆ ಹೋದರು. ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಂಜುತ್ತಂಜುತ್ತ ಎರಡರ ಮಗ್ಗಿ ಕೇಳಿಬಂತು.

ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಕೂತಿದ್ದಾಗ ಮೊಬೈಲ್ ಸದ್ದು ಮಾಡಿತು. ನಿವೃತ್ತ ಬೆರಳಚ್ಚುಗಾರರು. ‘ಚಿಲಕ ಬಿದ್ದದ್ದು ತಿಳಿದು ಬಹಳ ಸಂತೋಷವಾಯಿತು. ನನ್ನ ಕಾಲದಲ್ಲಿ ಆಗಿರಲಿಲ್ಲ. ಗಮನಿಸಿದೆ’ ಎಂದು ಬರೆದಿದ್ದರು. ನನ್ನ ಸಂದೇಶದ ಕೆಳಗಿನ ಎರಡೂ ಗುರುತುಗಳು ನೀಲಿಯಾದವು.